ಪಂಚಮಿಗೆ ಊರಲ್ಲಿರುವ ಬಾಡಿಗೆಯವರು ಬೇಕಾಗಿದ್ದಾರೆ

ನನ್ನ ಜುಬ್ಬಾಗಳ ಬಲಗಡೆಯ ಜೇಬು ಒಂದಾದರೂ ನೆಟ್ಟಗಿದ್ದರೆ ಕೇಳಿ. ಹೊಸದು ಹೊಲಿಸಿ ಒಂದೆರಡು ತಿಂಗಳಾಗುವಷ್ಟರಲ್ಲಿ ತಳ ಹರಿದು, ಚಿಲ್ಲರೆಯೆಲ್ಲ ಕಾಲಗುಂಟ ಇಳಿದು ಹೋಗುತ್ತದೆ. ನಮ್ಮ ದರ್ಜಿ ಮೊದಮೊದಲು ತನ್ನ ದಾರದ್ದೇ ತಪ್ಪಿರಬೇಕೆಂದು ಪುಕ್ಕಟೆ ಹೊಲಿದುಕೊಟ್ಟ. ಆಮೇಲೊಂದು ದಿನ ಜೇಬಿನೊಳಗಿದ್ದುದನ್ನು ಹೊರಗೆ ತೆಗೆಸಿ ನೋಡಿ, "ಸರ, ಇದಕ್ಕ ಜೇಬು ಸಾಲಂಗಿಲ್ರಿ, ಒಂದು ಚೀಲ ಹೊಲಸ್ಕೊಳ್ರಿ" ಅಂದ. ನನ್ನ ನಡುಬೆರಳಿಗಿಂತ ಉದ್ದವಾದ ಕಬ್ಬಿಣದ ಕೀಲಿಕೈ ಅದು. ಕೂತರೆ ತೊಡೆಗೆ ಚುಚ್ಚುತ್ತದೆ, ಎದ್ದರೆ ಜೇಬನ್ನು ಕೆಳಗೆ ಜಗ್ಗುತ್ತದೆ.

ಈ ಕೀಲಿಕೈ ನನ್ನ ಮನೆಯದಲ್ಲ. ನನ್ನ ಮನೆಗೆ ಕೀಲಿ ಹಾಕುವ ಪ್ರಸಂಗವೇ ಬರುವುದಿಲ್ಲ; ನಮ್ಮಾಕೆ ಸದಾ ಮನೆಯಲ್ಲಿರುತ್ತಾಳೆ, ಅವಳು ಇಲ್ಲದಾಗ ಕದಿಯುವಂಥದ್ದು ಅಲ್ಲಿ ಏನೂ ಇರುವುದಿಲ್ಲ. ಇದು ಎದುರುಮನೆಯದು. ಇಳಕಲ್ಲಿನ ನಮ್ಮ ಓಣಿಯಲ್ಲಿ ಇನ್ನೂ ಸಿಮೆಂಟಿನ ಡಬ್ಬಿಯಾಗದೆ ಉಳಿದಿರುವ ಕೆಲವೇ ಮನೆಗಳಲ್ಲಿ ಅದೊಂದು. ಕಲ್ಲಿನ ಗೋಡೆ, ತೇಗದ ತೊಲೆಯ ಪಡಸಾಲೆ, ಹಿಂದೊಂದು ಹಿತ್ತಲು. ಅದರ ಒಡತಿ ಗಿರಿಜಕ್ಕ. ತಂದೆತಾಯಿಗೆ ಒಬ್ಬಳೇ ಮಗಳು. ಮದುವೆಯಾಗಿ ಕುಳಗೇರಿ ಕ್ರಾಸಿಗೆ ಹೋದಳು. ಅಲ್ಲಿ ಅವಳ ಗಂಡನದು ಟೈರಿನ ಅಂಗಡಿ, ಈಗ ಮಗ ನೋಡಿಕೊಳ್ಳುತ್ತಾನೆ. ತಂದೆತಾಯಿ ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಮನೆ ಅವಳ ಹೆಸರಿಗೆ ಬಂತು, ಕೀಲಿಕೈ ನನ್ನ ಜೇಬಿಗೆ ಬಂತು.

ಅಂದಿನಿಂದ ನಾನು ಆ ಮನೆಯನ್ನು ಬಾಡಿಗೆಗೆ ಕೊಡುವವನು, ಬಿಡಿಸುವವನು, ಸುಣ್ಣ ಬಳಿಸುವವನು. ಬಾಡಿಗೆ ನೇರ ಗಿರಿಜಕ್ಕನ ಖಾತೆಗೆ ಹೋಗುತ್ತದೆ. ನನ್ನ ಪಾಲಿಗೆ ಸೋರುವ ನಲ್ಲಿ, ಕಟ್ಟಿಕೊಂಡ ಗಟಾರು, ಹಾರಿಹೋದ ಫ್ಯೂಜು. ಬಾಡಿಗೆಯವರಿಗೆ ನಾನು ಮಾಲಕರ ಕಡೆಯವ, ಮಾಲಕಳಿಗೆ ಬಾಡಿಗೆಯವರ ಕಡೆಯವ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಸ್ಥಿತಿ. ಜೀವಮಾನವೆಲ್ಲ ಪಂಚಾಯತಿಯಲ್ಲಿ ಗುಮಾಸ್ತನಾಗಿ ಮಂದಿಯ ದೂರು ಕೇಳಿ ಕೇಳಿ ಕಿವಿ ಹದವಾಗಿತ್ತೆಂದು ಬಚಾವಾದೆ. ಆದರೂ ನಮ್ಮಾಕೆ, "ನಮ್ಮ ಬಚ್ಚಲದ ನಲ್ಲಿ ಹೋದ ದೀವಳಿಗಿಯಿಂದ ಸೋರಾಕತ್ತೈತಿ. ಅದರ ಮಾಲಕರು ಯಾರಂತ ಕೇಳಿ ಹೇಳ್ರಿ, ಅವ್ರಿಗೆ ಫೋನ್ ಮಾಡೂನು" ಎಂದು ಆಗಾಗ ಚುಚ್ಚುತ್ತಾಳೆ.

ಮನೆ ತೋರಿಸುವುದು ಮಾತ್ರ ನನಗೆ ಬಲು ಇಷ್ಟವಾದ ಕೆಲಸ. ಮನುಷ್ಯರ ಸ್ವಭಾವ ತಿಳಿಯಬೇಕಾದರೆ ಅವರಿಗೆ ಖಾಲಿ ಮನೆ ತೋರಿಸಬೇಕು. ಗಂಡಸರು ಬಂದವರೇ ಮೇಲೆ ನೋಡುತ್ತಾರೆ, ಹೆಂಗಸರು ಕೆಳಗೆ. ಕೆಲವರು ನಲ್ಲಿ ತಿರುವಿ ನೋಡುತ್ತಾರೆ, ಕೆಲವರು ದಿಕ್ಸೂಚಿ ತಂದು ಒಲೆಯ ದಿಕ್ಕು ನೋಡುತ್ತಾರೆ. ಒಬ್ಬ ಮಹಾನುಭಾವ, ಹುನಗುಂದದ ಕಡೆಯವ, ಏನನ್ನೂ ನೋಡದೆ ಟವೆಲು ಹಾಸಿ ಪಡಸಾಲೆಯಲ್ಲಿ ಅಡ್ಡಾಗಿಬಿಟ್ಟ. ನಾನು ಬಾಗಿಲಲ್ಲಿ ಕೀಲಿಕೈ ತಿರುವುತ್ತ ನಿಂತೆ. ಒಳ್ಳೆಯ ನಿದ್ದೆ ತೆಗೆದು ಎದ್ದು ಕೂತು, "ಗಾಳಿ ಭೇಷ್ ಐತ್ರಿ, ಆದ್ರ ಮಗ್ಗದ ಸಪ್ಪಳ ಕಡಿಮ್ಯಾತು. ಸಪ್ಪಳ ಇರ್ಲಿಲ್ಲಂದ್ರ ನಂಗ ನಿದ್ದಿ ಪೂರಾ ಹತ್ತಂಗಿಲ್ರಿ" ಎಂದು ಹೇಳಿ ಬೇರೆ ಮನೆ ಹುಡುಕಿಕೊಂಡು ಹೋದ. ಅವನು ಹೇಳಿದ್ದು ಖರೆ. ಓಣಿಯಲ್ಲಿ ಮಗ್ಗಗಳು ಒಂದೊಂದಾಗಿ ಬಾಯಿ ಮುಚ್ಚಿದ್ದು ನನ್ನ ಗಮನಕ್ಕೆ ಬಂದದ್ದೇ ಆ ದಿನ.

ಇರಲಿ. ನಾನು ಹೇಳಹೊರಟದ್ದು ಬಾಡಿಗೆಗೆ ಬಂದವರು ನನ್ನನ್ನು ಕೇಳುವ ಪ್ರಶ್ನೆಗಳ ಬಗ್ಗೆ ಅಲ್ಲ. ನಾನು ಅವರನ್ನು ಕೇಳಬೇಕಾದ ಪ್ರಶ್ನೆಯ ಬಗ್ಗೆ. ಬೇರೆ ಮನೆಯವರು ಎಷ್ಟು ಮಂದಿ ಇದ್ದೀರಿ, ಏನು ಉದ್ಯೋಗ ಎಂದು ಕೇಳುತ್ತಾರೆ. ನಾನು, "ನಾಗರ ಪಂಚಮಿಗೆ ನೀವು ಊರಾಗ ಇರ್ತೀರೋ, ಕೀಲಿ ಹಾಕ್ಕೊಂಡು ಹೋಗ್ತೀರೋ?" ಎಂದು ಕೇಳುತ್ತೇನೆ.

ಈ ಪ್ರಶ್ನೆ ಕೇಳಿ ಪೆಟ್ಟು ತಿನ್ನದೆ ಉಳಿದದ್ದೇ ದೊಡ್ಡದು. ಹೊಸದಾಗಿ ಮದುವೆಯಾದ ಒಂದು ಜೋಡಿ ಬಂದಿತ್ತು. ಮನೆ ಮನಸ್ಸಿಗೆ ಬಂದಿತ್ತು. ಹುಡುಗಿ ತನ್ನ ಕಪಾಟು ಎಲ್ಲಿಡಬೇಕು ಎನ್ನುವುದನ್ನೂ ಗೊತ್ತುಮಾಡಿಕೊಂಡಿದ್ದಳು. ನಾನು ಪ್ರಶ್ನೆ ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. "ಅವಾಗ ನಾವು ಬಾಗಲಕೋಟಿಗೆ ಹೋಗ್ತೇವ್ರಿ, ಈಕಿ ತವರಮನಿಗೆ" ಎಂದ ಹುಡುಗ. "ಎಷ್ಟು ದಿನ ಇರಂಗಿಲ್ರಿ?" ಎಂದು ನಾನು ಇನ್ನೂ ಆಳಕ್ಕೆ ಇಳಿದೆ. ಅವರು ಮೆಟ್ಟಿಲಿಳಿದು ಹೋದ ರಭಸ ನೋಡಬೇಕಿತ್ತು. ನಾಲ್ಕು ದಿನದ ಮೇಲೆ ದರ್ಜಿ ಹೇಳಿದ: "ಸರ, ನಿಮ್ಮ ಬಗ್ಗೆ ಪ್ಯಾಟ್ಯಾಗ ಒಂದು ಸುದ್ದಿ ಐತ್ರಿ. ಮನಿ ಯಾವಾಗ ಖಾಲಿ ಇರ್ತೈತಿ ಅಂತ ಕೇಳಿಕೊಂಡು ಆಮ್ಯಾಲೆ ಕೀಲಿ ತಗದು ಒಳಗ ಹೋಗ್ತೀರಂತ."

ನನ್ನ ಪ್ರಶ್ನೆ ಯಾಕೆ ಎನ್ನುವುದನ್ನು ನಿಮಗಾದರೂ ಹೇಳಬೇಕು.

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಶ್ರಾವಣ ಬಂತೆಂದರೆ ಮದುವೆಯಾದ ಹೆಣ್ಣುಮಗಳು, ವಯಸ್ಸು ಎಷ್ಟೇ ಆಗಿರಲಿ, ರಸ್ತೆಯ ಕಡೆಗೇ ನೋಡುತ್ತಿರುತ್ತಾಳೆ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು. ತಾನಾಗಿ ಬಸ್ಸು ಹತ್ತಿ ಬಂದರೆ ಅದು ಪ್ರಯಾಣವಾದೀತು, ಹಬ್ಬವಾಗುವುದಿಲ್ಲ. ತವರಿನಲ್ಲಿ ಅವಳು ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು, ಹೊರಡುವಾಗ ಆ ಮನೆಯ ಹೆಂಗಸು ಅವಳ ಉಡಿ ತುಂಬಬೇಕು. ಅಕ್ಕಿ, ಕೊಬ್ಬರಿ, ಒಂದು ಕುಪ್ಪಸದ ಖಣ. ಸೆರಗೊಡ್ಡಿ ಅದನ್ನು ತುಂಬಿಸಿಕೊಂಡು ಹೋದರೆ ಮುಂದಿನ ಪಂಚಮಿಯ ತನಕ ಅತ್ತೆಮನೆಯಲ್ಲಿ ತಲೆಯೆತ್ತಿ ಇರಬಹುದು.

ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿರಲಿಲ್ಲ. ನನಗೆ ಅಕ್ಕ ಇಲ್ಲ, ತಂಗಿ ಇಲ್ಲ. ಹಾಗಾಗಿ ನನ್ನ ಪಂಚಮಿಯೆಲ್ಲ ಎದುರುಮನೆಯಲ್ಲೇ. ಗಿರಿಜಕ್ಕನ ಅಪ್ಪ ಈರಪ್ಪಕಾಕಾ ಸೀರೆಯ ರೇಷ್ಮೆಗೆ ಬಣ್ಣ ಹಾಕುವವರು. ಅವರ ಕೈ ಒಂದು ವಾರ ಕೆಂಪು, ಒಂದು ವಾರ ಹಸಿರು. ತಂಟೆ ಮಾಡಿದರೆ ಕಿವಿ ಹಿಂಡುತ್ತಿದ್ದರು. ಸಾಲಿಗೆ ಹೋದರೆ ಮಾಸ್ತರು ನನ್ನ ಕಿವಿ ನೋಡಿ, "ಈ ವಾರ ದಾಳಿಂಬ್ರಿ ಬಣ್ಣ ನಡದೈತೇನೋ" ಎಂದು ಕೇಳುತ್ತಿದ್ದರು. ಪಂಚಮಿಗೆ ಎರಡು ದಿನ ಮೊದಲು ಕಾಕಾ ಅಟ್ಟದಿಂದ ಹಗ್ಗ ಇಳಿಸಿ, ಪಡಸಾಲೆಯ ತೊಲೆಯಲ್ಲಿದ್ದ ಕಬ್ಬಿಣದ ಬಳೆಗಳಿಗೆ ಕಟ್ಟಿ, ಮೊದಲು ತಾವೇ ಕೂತು ಭಾರ ನೋಡುತ್ತಿದ್ದರು. ಅಷ್ಟು ಗಂಭೀರ ಮನುಷ್ಯ ಜೋಕಾಲಿಯ ಮೇಲೆ ಕೂತು ಕಾಲು ಅಲ್ಲಾಡಿಸುವುದನ್ನು ನೋಡಲೆಂದೇ ನಾವು ಓಡಿಹೋಗುತ್ತಿದ್ದೆವು. ಆಮೇಲೆ ಗಿರಿಜಕ್ಕ ಹಲಗೆಯ ಮೇಲೆ ನಿಂತು ಜೀಕಲು ಶುರುಮಾಡಿದರೆ ಅವಳ ಲಂಗದ ಗಾಳಿಗೆ ದೇವರ ದೀಪ ಆರುತ್ತಿತ್ತು. ನೂಕುವವನು ನಾನು. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುತ್ತ ನಿಂತ ಓಣಿಯ ಹುಡುಗರಿಗೆಲ್ಲ ನನ್ನ ಮೇಲೆ ಹೊಟ್ಟೆಕಿಚ್ಚು. ಆ ತೊಲೆ ಕಿರುಗುಟ್ಟುವ ಸದ್ದು, ಒಳಗಿನಿಂದ ಹುರಿದ ಶೇಂಗಾದ ವಾಸನೆ, "ಇನ್ನೂ ಜೋರ ನೂಕೋ ಶಿವ್ಯಾ, ಕೂಳು ತಿಂದಿಲ್ಲೇನು" ಎಂಬ ಅವಳ ಬೈಗುಳ. ಎಲ್ಲಿ ಹೋಯಿತೋ ಅದೆಲ್ಲ. ಈಗಲೂ ಶೇಂಗಾ ಹುರಿಯುವ ವಾಸನೆ ಬಂದರೆ ನನ್ನ ಕೈಗಳು ಏನನ್ನೋ ನೂಕಬೇಕು ಎನ್ನುತ್ತವೆ.

ಮದುವೆಯಾದ ಮೇಲೆ ಅವಳನ್ನು ಕರೆಯಲು ಕಾಕಾ ತಾವೇ ಹೋಗುತ್ತಿದ್ದರು. ಅವರು ತೀರಿಕೊಂಡ ವರ್ಷ ಗಿರಿಜಕ್ಕನ ಅವ್ವ ಚೆನ್ನವ್ವಕಾಕು ನನ್ನನ್ನು ಕರೆದು, "ಶಿವಪುತ್ರ, ನಮ್ಮ ಗಿರಿಜಾಗ ಅಣ್ಣತಮ್ಮರಿಲ್ಲ. ನೀನ ಹೋಗಿ ಕರ್ಕೊಂಡು ಬಾಪಾ" ಅಂದರು. ಅಂದಿನಿಂದ ಅದು ನನ್ನ ಕೆಲಸ. ಇಳಕಲ್ಲಿನಿಂದ ಗುಡೂರು, ಗುಡೂರಿನಿಂದ ಬಾದಾಮಿ, ಅಲ್ಲಿ ಬಸ್ಸು ಬದಲಿಸಿ ಕುಳಗೇರಿ ಕ್ರಾಸು. ಶ್ರಾವಣದ ಜಿಟಿಜಿಟಿ, ಬಸ್ಸಿನ ತುಂಬ ತವರಿಗೆ ಹೊರಟ ಹೆಣ್ಣುಮಕ್ಕಳು, ಅವರ ಪಕ್ಕದಲ್ಲಿ ಚೀಲ ಹಿಡಿದು ಬೀಗುತ್ತ ನಿಂತ ಅಣ್ಣತಮ್ಮಂದಿರು. ಅವರ ನಡುವೆ ನಾನೂ ಒಬ್ಬ. ಯಾರಾದರೂ, "ಯಾವೂರಿಗ್ರಿ?" ಎಂದು ಕೇಳಲಿ ಎಂದು ಕಾಯುತ್ತಿದ್ದೆ. ಕೇಳಿದರೆ ಅಗತ್ಯಕ್ಕಿಂತ ಗಟ್ಟಿಯಾಗಿಯೇ, "ಅಕ್ಕನ್ನ ಕರಿಯಾಕ ಹೊಂಟೇನ್ರಿ" ಎನ್ನುತ್ತಿದ್ದೆ.

ಕಾಕುವೂ ಹೋದ ಮೇಲೆ ಗಿರಿಜಕ್ಕ, "ಮನಿ ಕೀಲಿ ಬಿದ್ದು ಹಾಳಾಗೂದು ಬ್ಯಾಡ. ಬಾಡಿಗಿಗೆ ಕೊಡು. ಆದ್ರ ಪಂಚಮಿಗೊಮ್ಮೆ ನಾ ಬರ್ತೇನಿ ಅಂತ ಹೇಳಿ ಕೊಡು" ಅಂದಳು. ಅವಳು ಹಾಕಿದ ಕರಾರು ಅಷ್ಟೇ. ಅದರಲ್ಲಿರುವ ಕಷ್ಟ ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಬಾಡಿಗೆಗೆ ಬರುವ ಮನೆಯಲ್ಲೂ ಒಬ್ಬ ಹೆಣ್ಣುಮಗಳು ಇರುತ್ತಾಳಲ್ಲ? ಪಂಚಮಿಗೆ ಅವಳೂ ತನ್ನ ತವರಿಗೆ ಹೋಗುವವಳೇ ಅಲ್ಲವೇ?

ಮೊದಲು ಬಂದವರು ಬಹಳ ಒಳ್ಳೆಯ ಜನ. ಹಬ್ಬ ಬಂದಾಗ ಆ ಹೆಣ್ಣುಮಗಳ ಅಣ್ಣ ಬಂದು ಅವಳನ್ನು ಗುಡೂರಿಗೆ ಕರೆದುಕೊಂಡು ಹೋದ. ಹೋಗುವ ಮೊದಲು ಪಾಪ, ಅವಳು ಮನೆಯೆಲ್ಲ ಸಾರಿಸಿ, ರಂಗೋಲಿ ಹಾಕಿ, ಗಂಡನ ಕೈಯಿಂದ ಜೋಕಾಲಿ ಕಟ್ಟಿಸಿ, ಡಬ್ಬಿಯಲ್ಲಿ ಉಂಡಿ ತುಂಬಿಟ್ಟು, "ಅಕ್ಕಾರಿಗೆ ಆರಾಮ ಇರಾಕ ಹೇಳ್ರಿ, ಅವರದ ಮನಿ" ಎಂದು ನನಗೆ ಹೇಳಿ ಹೋದಳು. ಇದಕ್ಕಿಂತ ಹೆಚ್ಚು ಯಾರು ಮಾಡುತ್ತಾರೆ? ನಾನು ಖುಷಿಯಿಂದ ಗಿರಿಜಕ್ಕನನ್ನು ಕರೆದುಕೊಂಡು ಬಂದು ಕೀಲಿಕೈಯನ್ನು ಅವಳ ಕೈಗೇ ಕೊಟ್ಟೆ. ಅವಳೇ ಕೀಲಿ ತೆಗೆದು ಒಳಗೆ ಹೋದಳು. ಜೋಕಾಲಿಯ ಮೇಲೆ ಕೂತಳು. ಕಾಲು ನೆಲದ ಮೇಲೇ ಇದ್ದವು. ನಾನು ನೂಕಲು ಹೋದೆ, ಬೇಡವೆಂದು ಕೈ ಮಾಡಿದಳು. ಸ್ವಲ್ಪ ಹೊತ್ತಿಗೆ ನಮ್ಮ ಮನೆಗೆ ಬಂದು, "ಸಂಜಿ ಬಸ್ಸಿಗೆ ಹೋಗ್ತೇನಿ" ಅಂದಳು. ಪಕ್ಕದ ಓಣಿಯಲ್ಲೇ ತವರಿರುವ ನಮ್ಮಾಕೆ ಒತ್ತಾಯ ಮಾಡಿ ಕೂರಿಸಿದಳು. ಉಂಡಳು, ಆದರೆ ಎದುರಿನ ಬಾಗಿಲ ಕಡೆ ನೋಡುತ್ತಲೇ ಉಂಡಳು.

"ಯಾಕ ಅಕ್ಕಾ, ಏನ ಕಡಿಮ್ಯಾತು?" ಎಂದೆ.

"ಏನೂ ಕಡಿಮಿಲ್ಲೋ. ಭಾಳ ಛಲೋ ಮಂದಿ. ಆದ್ರ ಕೀಲಿ ನಾನ ತಗದು ನಾನ ಒಳಗ ಹೋದ್ರ ಅದು ತವರಮನಿ ಹೆಂಗ ಆಗ್ತೈತಿ? ಬಾಗಲಾಗ ಯಾರರ ಇರಬೇಕಲ್ಲ."

ಅವಳು ಅತ್ತಿದ್ದರೆ ಏನಾದರೂ ಸಮಾಧಾನ ಹೇಳುತ್ತಿದ್ದೆ. ಅವಳು ಅಳಲಿಲ್ಲ, ಬದನೆಕಾಯಿ ಎಣಗಾಯಿ ಛಲೋ ಆಗೈತಿ ಅಂದಳು.

ಆ ವರ್ಷದಿಂದ ನಾನು ಪಂಚಮಿಗೆ ಊರಲ್ಲೇ ಇರುವ ಬಾಡಿಗೆಯವರನ್ನು ಹುಡುಕಲು ಹತ್ತಿದೆ. ಬುದ್ಧಿ ಖರ್ಚುಮಾಡಿ, ವಯಸ್ಸಾದ ಗಂಡಹೆಂಡತಿಯನ್ನು ತಂದಿರಿಸಿದೆ. ಆ ಅಜ್ಜಿಗೆ ಹೋಗಲು ತವರಿಲ್ಲ, ಮನೆಯಲ್ಲೇ ಇರುತ್ತಾಳೆ ಎಂಬುದು ನನ್ನ ಲೆಕ್ಕ. ಅಜ್ಜಿ ಮನೆಯಲ್ಲೇ ಇದ್ದಳು. ಆದರೆ ಅವಳ ಹೆಣ್ಣುಮಕ್ಕಳೆಲ್ಲ ತಮ್ಮ ಮಕ್ಕಳುಮರಿ ಕಟ್ಟಿಕೊಂಡು ತವರಿಗೆಂದು ಬಂದಿಳಿದರು. ಪಡಸಾಲೆಯಲ್ಲಿ ಕಾಲಿಡಲು ಜಾಗವಿಲ್ಲ, ಜೋಕಾಲಿಗೆ ಪಾಳಿ ಹಚ್ಚಿದ್ದರು. ಗಿರಿಜಕ್ಕ ಆ ಸಂತೆಯ ನಡುವೆ ಒಂದು ಮೂಲೆಯಲ್ಲಿ ಕೂತು, ಯಾರದೋ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಆಡಿಸಿ ಬಂದಳು. "ಹೋದ ಸಲಕ್ಕಿಂತ ಬೇಶ. ಜೋಕಾಲಿ ಸಿಗಲಿಲ್ಲ, ಮಾತು ಸಿಕ್ತು" ಎಂದು ನಕ್ಕಳು. ಉಡಿ ತುಂಬಲು ಅಜ್ಜಿಗೆ ನೆನಪೇ ಆಗಲಿಲ್ಲ. ನನಗೆ ಮುಖ ತೋರಿಸಲು ನಾಚಿಕೆಯಾಯಿತು.

ಹೀಗಿರುವಾಗ ಬಂದವಳು ವನಜಾ. ತಿಪಟೂರಿನ ಕಡೆಯವಳು, ನಮ್ಮೂರ ದವಾಖಾನೆಗೆ ನರ್ಸಾಗಿ ಬಂದಿದ್ದಳು; ಗಂಡ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ಕೆಲಸ ಹಿಡಿದಿದ್ದ. ಮನೆ ನೋಡಲು ಬಂದಾಗ ನಾನು ಅಂಜುತ್ತಲೇ ನನ್ನ ಪ್ರಶ್ನೆ ಕೇಳಿದೆ.

"ಪಂಚಮಿಗಾ? ಡ್ಯೂಟಿ ಇಲ್ದಿದ್ರೆ ಮನೇಲೇ ಇರ್ತೀನಿ ಸಾರ್. ಯಾಕೆ?"

"ತವರಮನಿಗೆ ಹೋಗಂಗಿಲ್ಲೇನವಾ?"

"ಪಂಚಮಿಗೆ ಯಾರು ಹೋಗ್ತಾರೆ ಸಾರ್? ನಮ್ಕಡೆ ಹುತ್ತಕ್ಕೆ ಹಾಲು ಹಾಕಿ ಬರ್ತೀವಿ ಅಷ್ಟೇ. ತವರಿಗೆ ಹೋಗೋದು ಗೌರಿ ಹಬ್ಬಕ್ಕೆ."

ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಇಷ್ಟು ವರ್ಷ ಪಂಚಾಯತಿಯಲ್ಲಿ ಕೂತು ಸಕಲ ಜ್ಞಾನ ಪಡೆದವನಿಗೆ, ಘಟ್ಟಕ್ಕಿರುವಂತೆ ಹಬ್ಬಕ್ಕೂ ಆಚೆ ಈಚೆ ಇರುತ್ತದೆಂದು ತಿಳಿದಿರಲಿಲ್ಲ. ಅಡುಗೆಮನೆ ತೋರಿಸುವುದನ್ನೂ ಮರೆತು ಅವಳ ಕೈಗೆ ಕೀಲಿಕೈ ಕೊಟ್ಟುಬಿಟ್ಟೆ. ಅವಳಿಗೆ ನನ್ನ ತಲೆ ನೆಟ್ಟಗಿಲ್ಲ ಅನ್ನಿಸಿರಬೇಕು. ಆಮೇಲೆ ಕೂರಿಸಿ ಎಲ್ಲ ಹೇಳಿದೆ. ಕೇಳಿಕೊಂಡು, "ನಾನೇನು ಮಾಡ್ಬೇಕು ಹೇಳ್ಕೊಡಿ ಸಾರ್" ಅಂದಳು.

ಹೇಳಿಕೊಟ್ಟವಳು ನಮ್ಮಾಕೆ. ಉಡಿ ತುಂಬುವುದು ಎನ್ನುತ್ತಲೇ ವನಜಾ, "ಮಡ್ಲಕ್ಕಿನಾ? ಹಾಗನ್ನಿ ಮತ್ತೆ" ಎಂದು ಕೂಡಲೇ ಹಿಡಿದುಕೊಂಡಳು. ಬಂದವಳನ್ನು ಬಾಗಿಲಲ್ಲಿ ಏನೆಂದು ಮಾತಾಡಿಸಬೇಕು ಎನ್ನುವುದಕ್ಕೆ ಮಾತ್ರ ತಾಲೀಮೇ ನಡೆಯಿತು. ನಮ್ಮಾಕೆ, "ಈಗ ಬಂದ್ಯಾ ಅಕ್ಕಾ? ದಾರಿ ನೋಡಿ ನೋಡಿ ಸಾಕಾತು" ಎಂದು ಹೇಳಿಕೊಡುವುದು, ವನಜಾ ಅದನ್ನು ತನ್ನ ನಾಲಿಗೆಗೆ ಹೊಂದಿಸಿಕೊಳ್ಳುವುದು. ಪಂಚಮಿಯ ಹಿಂದಿನ ದಿನ ನಾನು ಗಿರಿಜಕ್ಕನೊಡನೆ ಓಣಿಯ ತಿರುವಿಗೆ ಬರುತ್ತಿದ್ದ ಹಾಗೆ ವನಜಾ ಹೊಸ್ತಿಲಲ್ಲಿ ನಿಂತಿದ್ದಳು. "ಈಗ ಬಂದ್ರಾ ಅಕ್ಕ? ದಾರಿ ನೋಡೀ ನೋಡೀ ಸಾಕಾಯ್ತು ನಂಗೆ" ಅಂದಳು. ಗಿರಿಜಕ್ಕ ಮೆಟ್ಟಿಲ ಮೇಲೆ ಹಾಗೇ ನಿಂತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇನ್ನೊಮ್ಮಿ ಅನ್ನವಾ" ಎಂದಳು. ವನಜಾ ಇನ್ನೊಮ್ಮೆ ಅಂದಳು.

ಆ ಸಲ ಜೋಕಾಲಿ ತೊಲೆ ಮುಟ್ಟುವ ಹಾಗೆ ಹೋಯಿತು. ನೂಕುವವನಿಗೂ ಈ ವಯಸ್ಸಿನಲ್ಲಿ ಏದುಸಿರು ಬಂತು. ಓಣಿಯ ಹೆಂಗಸರು ಬಂದು ನೋಡಿ, ಬಾಡಿಗೆಯವಳು ಮಾಲಕಳ ಉಡಿ ತುಂಬುತ್ತಾಳಲ್ಲ, ಇದ್ಯಾವ ನಮೂನಿ ಎಂದು ಆಡಿಕೊಂಡು ಹೋದರು. ಆಡಿಕೊಳ್ಳಲಿ.

ವನಜಾ ಹಲವು ಪಂಚಮಿ ಆ ಮನೆಯಲ್ಲಿದ್ದಳು. ಒಂದು ವರ್ಷ ಅವಳಿಗೆ ಗೌರಿ ಹಬ್ಬಕ್ಕೆ ರಜೆ ಸಿಗಲಿಲ್ಲ. ತವರಿನಿಂದ ಬಾಗಿನ ಇಲ್ಲ ಎಂದು ಸಪ್ಪಗಿದ್ದುದನ್ನು ನಾನು ಫೋನಿನಲ್ಲಿ ಗಿರಿಜಕ್ಕನಿಗೆ ಹೇಳಿದೆ. "ಬಾಗಿನ ಅಂದ್ರೇನೋ?" ಎಂದು ಕೇಳಿದಳು. ನನಗೂ ಅರ್ಧಂಬರ್ಧ ಗೊತ್ತು. "ಮರದಾಗ ತುಂಬಿ ಕೊಡ್ತಾರಂತ" ಎಂದೆ, ಧಾನ್ಯ ಕೇರುವ ಮೊರಕ್ಕೆ ನಮ್ಮ ಕಡೆ ಹಾಗೇ ಅನ್ನುವುದು. "ಏನ ತುಂಬತಾರ?" ಎಂದಳು. "ತವರಮನ್ಯಾಗ ಇರೂದೆಲ್ಲ" ಎಂದು ಗುಮಾಸ್ತನ ಧೈರ್ಯದಲ್ಲಿ ಹೇಳಿಬಿಟ್ಟೆ. ಹಬ್ಬದ ದಿನ ಮುಂಜಾನೆ ಗಿರಿಜಕ್ಕ ಯಾರೂ ಕರೆಯದೆ, ತಾನಾಗಿ ಬಸ್ಸು ಹತ್ತಿ, ತೊಡೆಯ ಮೇಲೆ ಒಂದು ಹೊಸ ಮೊರ ಇಟ್ಟುಕೊಂಡು ಬಂದಿಳಿದಳು. ಅದರಲ್ಲಿ ಖಡಕ್ ರೊಟ್ಟಿ, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕರದಂಟು, ಒಂದು ಹಿಡಿ ಜೋಳ, ಬಳೆ, ಮೇಲೊಂದು ಗುಳೇದಗುಡ್ಡ ಖಣ. ಬಾಗಿನಕ್ಕೆ ಒಂದರ ಮೇಲೊಂದು ಮುಚ್ಚಿದ ಜೋಡಿ ಮೊರ ಬೇಕಂತೆ, ಅದರಲ್ಲಿ ರೊಟ್ಟಿ ಹಿಂಡಿ ಇಡುವ ಪದ್ಧತಿ ಮೂರು ಲೋಕದಲ್ಲೂ ಇಲ್ಲವಂತೆ. ವನಜಾ ನೋಡಿ ನಕ್ಕು ನಕ್ಕು ನೆಲಕ್ಕೆ ಕೂತಳು. ನಗುತ್ತ ನಗುತ್ತಲೇ ಕಣ್ಣೊರೆಸಿಕೊಂಡು, ಎದ್ದು ಸೆರಗು ಮುಚ್ಚಿ, ಎರಡೂ ಕೈಯಿಂದ ಆ ಮೊರ ಈಸಿಕೊಂಡಳು. ಆಮೇಲೆ ಗಿರಿಜಕ್ಕನಿಂದ ನನಗೆ ಸಿಕ್ಕ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.

ಈ ವರ್ಷ ಬೇಸಿಗೆಯಲ್ಲಿ ವನಜಾಗೆ ವರ್ಗವಾಯಿತು. ಅವಳ ಊರಿನ ಹತ್ತಿರಕ್ಕೇ, ಅವಳೇ ಬಹಳ ದಿನದಿಂದ ಕೇಳಿಕೊಂಡಿದ್ದ ಕಡೆಗೆ. ಹಾಗಾಗಿ ನಾನು ಬೇಸರವನ್ನು ತೋರಿಸುವ ಹಾಗೂ ಇರಲಿಲ್ಲ. ಸಾಮಾನಿನ ಗಾಡಿ ಹೋದ ಮೇಲೆ ಒಳಗೆ ಹೋಗಿ ನೋಡಿದೆ. ಗೋಡೆಗೆ ಒಂದೂ ಮೊಳೆ ಹೊಡೆದಿರಲಿಲ್ಲ. ಇಷ್ಟು ವರ್ಷ ಮೊಳೆ ಹೊಡೆಯಬೇಡಿ ಎಂದು ಎಲ್ಲರ ಜೊತೆ ಜಗಳಾಡಿದವನು, ಆ ದಿನ ಒಂದಾದರೂ ಮೊಳೆ ಬಿಟ್ಟು ಹೋಗಬಾರದಿತ್ತೇ ಎಂದುಕೊಂಡೆ.

ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಆಷಾಢ ಮುಗಿಯಿತೆಂದರೆ ಐದನೆಯ ದಿನವೇ ಪಂಚಮಿ. ಅಷ್ಟರೊಳಗೆ ಊರಲ್ಲಿರುವ ಬಾಡಿಗೆಯವರನ್ನು ಎಲ್ಲಿಂದ ತರಲಿ? ಸಾಲ ಕೊಡುವ ಒಂದು ಖಾಸಗಿ ಆಫೀಸಿನವನು ಬಂದು ಮನೆ ನೋಡಿದ. ಪಡಸಾಲೆಗೆ ಗಾಜಿನ ಅಡ್ಡಗೋಡೆ ಹಾಕಿಸುತ್ತೇವೆ, ತೊಲೆಯಲ್ಲಿರುವ ಆ ಬಳೆಗಳನ್ನು ಕಿತ್ತು ಫ್ಯಾನ್ ಹಾಕುತ್ತೇವೆ ಅಂದ. ಅವನನ್ನು ನಾನು ಪಂಚಮಿಯ ಪ್ರಶ್ನೆ ಕೇಳಲೇ ಇಲ್ಲ. ಅಂದು ಅವರಿಗೆ ಸೂಟಿ, ಆಫೀಸು ಮುಚ್ಚಿರುತ್ತದೆ. "ನೋಡೂಣ್ರಿ, ಶ್ರಾವಣ ಬರ್ಲಿ" ಎಂದು ಸಾಗಹಾಕಿದೆ. ಗಿರಿಜಕ್ಕ ಫೋನು ಮಾಡಿದಾಗಲೆಲ್ಲ, "ಯಾರರ ಬಂದ್ರೇನೋ?" ಎನ್ನುವಳು. "ನೋಡಾಕತ್ತೇನಿ ಅಕ್ಕಾ" ಎನ್ನುವೆ. ಹಬ್ಬ ಹತ್ತಿರ ಬಂದ ಹಾಗೆ ಅವಳು ಕೇಳುವುದನ್ನು ನಿಲ್ಲಿಸಿದಳು. ಅದೇ ನನಗೆ ಹೆಚ್ಚು ಸಂಕಟವಾಯಿತು.

ಕೊನೆಗೆ ನಮ್ಮಾಕೆಯೂ ನಾನೂ ಮಾತಾಡಿ, ಈ ಸಲ ಅವಳನ್ನು ನಮ್ಮ ಮನೆಗೇ ಕರೆತರುವುದೆಂದು ಗೊತ್ತುಮಾಡಿದೆವು. ನಮ್ಮಾಕೆ ಐದು ನಮೂನೆಯ ಉಂಡಿ ಕಟ್ಟಿದಳು. ಎದುರುಮನೆಯ ಕೀಲಿ ಕಣ್ಣಿಗೆ ಬೀಳದಿರಲೆಂದು ಊಟಕ್ಕೆ ಹಿಂದಿನ ಕೋಣೆಯಲ್ಲಿ ಎಲೆ ಹಾಕುವುದೆಂದಾಯಿತು. ಹಿತ್ತಲಿನ ಬೇವಿನ ಗಿಡಕ್ಕೆ ನಾನೇ ಏಣಿ ಹತ್ತಿ ಜೋಕಾಲಿ ಕಟ್ಟಿದೆ. ದಾರಿಯುದ್ದಕ್ಕೂ, ಬಾದಾಮಿಯಲ್ಲಿ ಬಸ್ಸು ಬದಲಿಸುವಾಗಲೂ, ಏನು ಹೇಳಬೇಕು ಎನ್ನುವುದನ್ನು ಬಾಯಿಪಾಠ ಮಾಡಿದೆ. ಅಕ್ಕಾ, ಈ ವರ್ಷ ಮನಿ ಖಾಲಿ ಐತಿ, ಆದ್ರ ತಮ್ಮ ಅದಾನಲ್ಲ.

ಗಿರಿಜಕ್ಕ ಟೈರಿನ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಹೊಸ ಸೀರೆ. ಪಕ್ಕದಲ್ಲಿ ಎಂದಿನ ಒಂದು ಚೀಲದ ಬದಲು ಎರಡು ಚೀಲ. ನನ್ನನ್ನು ನೋಡಿ ಎದ್ದು ನಿಂತಳು.

"ಶಿವ್ಯಾ, ನಿಂಗ ಫೋನ್ ಹಚ್ಚಿ ಹಚ್ಚಿ ಸಾಕಾತು. ಹತ್ತಲೇ ಇಲ್ಲ ನೋಡು."

ಗುಡೂರು ದಾಟಿದ ಮೇಲೆ ನನ್ನ ಫೋನು ಸತ್ತಿತ್ತು. "ಯಾಕ ಅಕ್ಕಾ?" ಎಂದೆ.

"ವನಜಾ ಕರ್ದಾಳೋ. ಹೋದ ವಾರ ಫೋನ್ ಮಾಡಿದ್ಲು. ಪಂಚಮಿಗೆ ಬರಲೇಬೇಕು ಅಂತ ಹಟ ಹಿಡದ್ಲು. ನಾ ಒಲ್ಲೆ ಅಂದೆ. ನಿನ್ನಿ ಸಂಜಿಮುಂದ ಗಂಡನ್ನ ಕಳಿಸೇ ಬಿಟ್ಟಾಳ ನೋಡು, ಕರಿಯಾಕ."

ಅಂಗಡಿಯ ಒಳಗಿನಿಂದ ವನಜಾಳ ಗಂಡ ಚಹದ ಕಪ್ಪು ಹಿಡಿದು ಬಂದು, "ನಮಸ್ಕಾರ ಸಾರ್" ಅಂದ. ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ತಿಪಟೂರಿಗೆ ರೈಲು ಎಂದ. ಬಾಡಿಗೆಯ ಮನೆ, ತೊಲೆ ಇಲ್ಲ, ಅದಕ್ಕೇ ಹಲಸಿನ ಮರಕ್ಕೆ ಹಗ್ಗ ಕಟ್ಟಿ ಬಂದಿದ್ದೇನೆ ಎಂದ. ಕಟ್ಟಿದ ಮೇಲೆ ಮೊದಲು ತಾನೇ ಕೂತು ನೋಡಿದನಂತೆ.

ಬಾಯಿಪಾಠ ಮಾಡಿದ ಮಾತು ಬಾಯಲ್ಲೇ ಉಳಿಯಿತು. "ಮತ್ತ ಮನಿ?" ಎಂದೆ.

"ಯಾರಿಗರ ಕೊಡೋ. ಅದ್ಯಾವುದೋ ಆಫೀಸು ಅಂದಿದ್ಯಲ್ಲ, ಅವರಿಗೇ ಕೊಡು. ಬಾಗಲಾಗ ಯಾರ ನಿಂತಿದ್ರೂ ನಡೀತೈತಿ ಇನ್ನ."

ಅವಳ ಮುಖದಲ್ಲಿ ಎಂಥ ಗೆಲವಿತ್ತೆಂದರೆ, ನಾನು ನೂಕುತ್ತಿದ್ದ ಕಾಲದ ಮುಖವೇ ಅದು. ನನಗೆ ಸಂತೋಷವಾಗಬೇಕಿತ್ತು. ಇಷ್ಟು ವರ್ಷ ನಾನು ಪೇಟೆಯಲ್ಲಿ ಕಳ್ಳನೆನಿಸಿಕೊಂಡದ್ದೂ ಇದಕ್ಕಾಗಿಯೇ, ಪಂಚಮಿಗೆ ಅವಳಿಗೊಂದು ಬಾಗಿಲು ಸಿಗಲಿ ಎಂದು. ಸಿಕ್ಕಿತು. ಆದರೆ ವನಜಾಳ ಮೇಲೆ, ಆ ಹಲಸಿನ ಮರದ ಮೇಲೆ, ಚಹ ಕುಡಿಯುತ್ತ ನಿಂತ ಆ ನಿರುಪದ್ರವಿ ಗಂಡನ ಮೇಲೆ ಸಿಟ್ಟು ಬಂತು. ಅದು ಸಿಟ್ಟಲ್ಲ, ಹೊಟ್ಟೆಕಿಚ್ಚು. ಕೊಬ್ಬರಿ ಬಟ್ಟಲು ತಿರುಗಿಸುತ್ತ ನಿಲ್ಲುತ್ತಿದ್ದ ಆ ಹುಡುಗರ ಸಾಲಿಗೆ ಈಗ ನಾನು ಬಂದು ನಿಂತಿದ್ದೆ.

ಬಸ್ಸು ಬಂತು. ಎರಡೂ ಚೀಲ ನಾನೇ ಏರಿಸಿದೆ. ಕಿಟಕಿಯಿಂದ ಗಿರಿಜಕ್ಕ, "ಹಬ್ಬದಾಗ ನಿನ್ನ ಬರಿಗೈಲೆ ಕಳಸಾಕತ್ತೇನಿ, ಸಿಟ್ಟಾಗಬ್ಯಾಡ್ಲೇ" ಅಂದಳು. "ಏ, ಹೋಗಿ ಬಾ ಅಕ್ಕಾ" ಎಂದೆ. ಕರೆಯಲು ಹೋದವನು ಕಳಿಸಿ ಬಂದೆ. ವಾಪಸು ಬರುವ ಬಸ್ಸಿನ ತುಂಬ ಅಕ್ಕತಂಗಿಯರನ್ನು ಕರೆದುಕೊಂಡು ಹೊರಟವರೇ. ಒಬ್ಬಾತ ಸರಿದು ಜಾಗ ಕೊಡುತ್ತ, "ಯಾರನ್ನ ಕರ್ಕೊಂಡು ಬರಾಕ ಹೋಗಿದ್ರಿ?" ಎಂದು ಕೇಳಿದ. ಕೆಲಸದ ಮೇಲೆ ಹೋಗಿದ್ದೆ ಎಂದು ಹೇಳಿ ಕಿಟಕಿಯ ಕಡೆ ತಿರುಗಿ ಕೂತೆ.

ಸಂಜೆ ಮನೆ ಮುಟ್ಟಿದಾಗ ನಮ್ಮಾಕೆ ಬಾಗಿಲಲ್ಲೇ ಇದ್ದಳು. ಹಣೆಗೆ ಕುಂಕುಮ, ಹಬ್ಬದ ಸೀರೆ, ದೂರದಿಂದ ಬಂದವಳ ಕಾಲಿಗೆ ಹಾಕಲೆಂದು ಕೈಯಲ್ಲಿ ಬಿಸಿನೀರಿನ ಚರಗಿ. ನನ್ನ ಹಿಂದೆ ಓಣಿಯ ತಿರುವಿನ ತನಕ ಕಣ್ಣುಹಾಯಿಸಿದಳು.

"ಅಕ್ಕಾರ ಎಲ್ಲಿ?"

"ತವರಮನಿಗೆ ಹೋಗ್ಯಾರ" ಅಂದೆ.

ಅವಳು ಎದುರಿನ ಬಾಗಿಲ ಮೇಲಿನ ಕೀಲಿ ನೋಡಿದಳು, ನನ್ನ ಮುಖ ನೋಡಿದಳು. ಚರಗಿಯನ್ನು ಅವಳ ಕೈಯಿಂದ ತೆಗೆದುಕೊಂಡು, ಆ ನೀರನ್ನು ನನ್ನ ಕಾಲಿಗೇ ಹಾಕಿಕೊಂಡು ಒಳಗೆ ಬಂದೆ.